ಬಾಕಿ ಏಳು ರೂಪಾಯಿ

ಮುಂಜಾನೆ ಆರೂ ಇಪ್ಪತ್ತರ ಕಣಕುಂಬಿ ಗಾಡಿ.
ಬೆಳಗಾವಿ ಸ್ಟ್ಯಾಂಡಿನ್ಯಾಗ ದೀಪ ಇನ್ನೂ ಆರಿರಲಿಲ್ಲ.
ಬೆನ್ನ ಮ್ಯಾಲೆ ಒಂದು ಸಂಸಾರ ಹೊತಗೊಂಡು
ಹತ್ತಿದಳು ಆಕಿ. ಚೀಲ ಮೊದಲು, ಆಮ್ಯಾಲೆ ತಾನು.
ಗದ್ದದ ಮ್ಯಾಲೆ ಹಸರ ಹಚ್ಚಿ,
ತುಟಿಯಿಂದ ಇಳದು ಸುರುಳಿ ಬಿಚ್ಚಿಕೊಂಡ
ಎಳೀ ಜರಿಗಿಡದ ಕುಡಿಹಂಗ.

ಹೆಣ್ಮಕ್ಕಳಿಗೆಲ್ಲಾ ಸೊನ್ನೆ ಟಿಕೀಟು ಹರದು ಹರದು
ನನ್ನ ಹೆಬ್ಬೆರಳಿಗೆ ರೂಢಿ ಬಿದ್ದೈತಿ.
ಆದರ ಆಕಿಗೆ ಆಧಾರ ಇಲ್ಲ.
ಆಧಾರ ಇಲ್ಲದಾಕಿಗೆ ಅರವತ್ತಮೂರು.
ಎಪ್ಪತ್ತು ಕೊಟ್ಟಳು. ಚಿಲ್ಲರ ಇರಲಿಲ್ಲ.
ಟಿಕೀಟಿನ ಬೆನ್ನಿಗೆ ಬರದೆ: ಬಾಕಿ ೭.

ಪೀರನವಾಡಿ ದಾಟಿದಮ್ಯಾಲೆ ಸಾತವ್ವ ಕೇಳಿದಳು
(ಕಣಕುಂಬಿಯಾಕಿ, ಮೊಮ್ಮಗಳ ಬಾಣಂತನ ಮುಗಿಸಿ ಹೊಂಟಿದ್ದಳು,
ಉಡಿಯಾಗ ಖಾಲಿ ಎಣ್ಣಿ ಡಬ್ಬಿ):
"ಯವ್ವಾ, ನೀ ಯಾರ ಪೈಕಿ?"

ಈ ಪ್ರಶ್ನೆ ನಮ್ಮ ಗಾಡಿಯಾಗ ದಿನಾ ಹತ್ತತೈತಿ,
ಟಿಕೀಟಿಲ್ಲದ.
ಓಣಿ ಕೇಳತೈತಿ, ಮನಿತನ ಕೇಳತೈತಿ,
ಸೀಟು ಸರಿಸೂದೋ ಬ್ಯಾಡೋ ಅಂತ ಲೆಕ್ಕಾ ಹಾಕತೈತಿ.
ಹಿಂದಿನ ಸೀಟಿನ ಜೋತಿಬಾ,
ಬಿಎಸ್ಸಿಯಾಗ ಎರಡು ವಿಷಯ ಉಳಿಸಿಕೊಂಡಾಂವ,
ತನ್ನ ಇಂಗ್ಲಿಷಿನ್ಯಾಗ ಅದನ್ನ ದಾಟಿಸಿದ.

ಆಕಿ ಎದ್ದು ನಿಂತಳು. ಕಂಬಿ ಹಿಡದು, ತಗ್ಗು ದಿಣ್ಣಿಗೆ ತೂಗಿಕೋತ
ಮೊದಲು ತನ್ನ ಗುಡ್ಡದ ಹೆಸರು ಹೇಳಿದಳು.
ಆಮ್ಯಾಲೆ ಹೊಳಿದು.
ಆಮ್ಯಾಲೆ ಹಿರೀಕರು ಸಮುದ್ರ ದಾಟಿ ಬಂದ ದೋಣಿದು.
ಕಡೀಕ, ಇದ್ದರ ಇರಲಿ ಅನ್ನೂಹಂಗ, ತನ್ನದು:
ರಂಗಿಮಾರಿಯೆ.

"ರಂಗಿನ ಮಾರಿ!" ಇಡೀ ಗಾಡಿ ನಕ್ಕಿತು.
ಡ್ರೈವರ ಮಕ್ತುಮ್ ಸಾಹೇಬರೂ ಕನ್ನಡಿಯಾಗ ನಕ್ಕರು.
"ಶಾಂತಿ ಅಂತ ಅರ್ಥ ಅಂತ" ಅಂದ ಜೋತಿಬಾ.
ನಗಿ ಅಲ್ಲೇ ಎಲ್ಲೋ ಇಳದು ಹೋತು.

ಜಾಂಬೋಟಿ ಆದಮ್ಯಾಲೆ ಅಡವಿ.
ನಂದಿ, ಮತ್ತಿ, ಕಿಂದಳ ಎಲಿ ಉದುರಸತಿದ್ದವು, ಅವಸರಿಲ್ಲದ.
ಕಿಟಕಿಗೆ ಹಣಿ ಹಚ್ಚಿ ಆಕಿ ಹೇಳಿದಳು:
ನಮ್ಮಲ್ಲೊಂದು ಗಿಡ ಐತಿ, ಕೌರಿ ಅಂತ,
ಸಾವಿರ ವರ್ಷ ದಾಟಿದ ಅಜ್ಜ.
ಆ ಅಡವಿ ಹೊಗೂ ಮುಂದ ಬೂಟು ತಿಕ್ಕಿ ತೊಳೀತೀವಿ,
ನಮ್ಮ ಕಾಲಾಗಿನ ಮಣ್ಣು ಅದರ ಬೇರಿಗೆ ಜಡ್ಡು.
"ನಾವು ದೇವರ ಬನದಾಗ ಚಪ್ಪಲಿನ ಬಿಟ್ಟು ಹೋಗತೀವಿ"
ಅಂದಳು ಸಾತವ್ವ, ಕಳದಹೋದ ಬೀಗತಿ ಸಿಕ್ಕಾಕಿಹಂಗ.

ತೋರಬೆರಳು ಚಾಚಿ ಆಕಿ ಗದ್ದ ಮುಟ್ಟಿದಳು.
"ಭಾಳ ನೋವಾತೇನು?"
ತನ್ನ ಗದ್ದದ ಮೂರು ಚುಕ್ಕಿ ತೋರಿಸಿದಳು.
"ನನಗೂ. ಒಂಬತ್ತು ವರ್ಷದಾಕಿ ಇದ್ದೆ.
ಸತ್ತಾಗ ಬಂಗಾರ ಬಿಚ್ಚಕೋತಾರ, ಮಗಳ,
ಇದನ್ನ ಯಾವ ಸೊಸಿಗೂ ಬಿಚ್ಚಾಕ ಬರೂದಿಲ್ಲ."

ಜೋತಿಬಾ ದಾಟಿಸೂದ್ರಾಗ ರಂಗಿಮಾರಿ ಬಗ್ಗಿದಳು.
ಹಣಿಗೆ ಹಣಿ, ಮೂಗಿಗೆ ಮೂಗು,
ಎರಡು ಗದ್ದದ ಹಸರು ಒಂದ ಉಸಿರಿನ್ಯಾಗ.
ನಾನು ಸೀಟಿ ಊದೂದು ಮರತೆ.
ಒಬ್ಬಾಂವ ತನ್ನ ಸ್ಟಾಪು ದಾಟಿ ಹೋಗಿ ಬೈದ.

"ಮತ್ತ ನೀವು?" ನನ್ನ ಕಡೆ ತಿರುಗಿದಳು.

ನನಗ ಗುಡ್ಡ ಇಲ್ಲ. ಬಾಗಲಕೋಟಿ ಕಡೆ ಎರಿಹೊಲದಾಗ ಹುಟ್ಟಿದಾಕಿ.
ಹೊಳಿ ಐತಿ, ಘಟಪ್ರಭಾ.
ನಮ್ಮೂರು ಈಗ ಅದರ ಹೊಟ್ಟ್ಯಾಗ ಐತಿ,
ಹಚ್ಚಿ ಹಾಕಸಾಕ ಅವ್ವ ಕರದ ದಿನ
ನಾ ಓಡಿ ಅಡಗಿದ ಹಗೇವೂ ಸುದ್ದಾ.
ಬೋಳು ಗದ್ದ ಹೊತಗೊಂಡು
"ಟಿಕೀಟ್, ಟಿಕೀಟ್" ಅಂದೆ, ಎಲ್ಲಾರದೂ ಆಗಿದ್ದರೂ.

ಮಲಪ್ರಭಾ ಹುಟ್ಟೂ ಊರಾಗ ಇಬ್ಬರೂ ಇಳದರು.
ಡಬ್ಬಿ ಈಗ ಆಕಿ ಕೈಯಾಗಿತ್ತು.
ಪಾವಟಿಗಿ ಮ್ಯಾಲಿಂದ ಸಾತವ್ವ ನನ್ನ ಬೈದಳು:
"ಗುಡ್ಡ ಐತಿ, ಹೊಳಿ ಐತಿ ಅಂತ ಬಾಯಿಬಿಟ್ಟು ಹೇಳಿದಳಲ್ಲ,
ಅಷ್ಟು ಆಧಾರ ಸಾಲಲಿಲ್ಲೇನ ನಿನ್ನ ಸರಕಾರಕ್ಕ?"

ರಾತ್ರಿ ಡಿಪೋದಾಗ ರೊಕ್ಕ ಎಣಿಸಿ ಕಟ್ಟಿದೆ.
ಲೆಕ್ಕ ಕೂಡಲಿಲ್ಲ, ಏಳು ರೂಪಾಯಿ ಹೆಚ್ಚಿಗಿ.
ಕ್ಲರ್ಕ ಕೇಳಿದ, ಯಾರದು ಇದು? ನಿಂದೇನು? ಹೆಸರು?
ನಾಲಿಗಿಗೆ ಮೊದಲು ಬಂದದ್ದು
ಹೊಳಿದು.